ಗಡ್ಡೆ ಬೇನೆ, ಬಂದೀಖಾನೆ, ಸೂಜಿ

ಮೀರಜ್ ಬಿಟ್ಟ ರೈಲು ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ಎನ್ನುತ್ತ ಘಟಪ್ರಭೆ ದಾಟಿ ಬೆಳಗಾವಿಗೆ ಬರುತ್ತದೆ. ಮುಗಳಖೋಡದಂಥ ಒಳನಾಡಿನ ಊರಿಗೂ ಹೊರಗಿನ ಜಗತ್ತು ಬರುತ್ತಿದ್ದುದು ಈ ಹಳಿಯ ಮೇಲೆಯೇ. ಮುಂಬಯಿಯ ಬಟ್ಟೆ, ಮುಂಬಯಿಯ ಸುದ್ದಿ, ಗಿರಣಿಯಲ್ಲಿ ದುಡಿದು ಊರಿಗೆ ಮರಳುವ ಮಕ್ಕಳು ಎಲ್ಲರೂ ಇದೇ ದಾರಿಯವರು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಂದರಿನ ಓಣಿಗಳಲ್ಲಿ ಡಾ. ಅಕೇಶಿಯೊ ವಿಯೆಗಸ್ ಗುರುತಿಸಿದ ಗಡ್ಡೆ ಬೇನೆ, ಅಂದರೆ ಪ್ಲೇಗು, ಕೆಲಕಾಲದಲ್ಲೇ ಇಲ್ಲಿಗೆ ಬಂದದ್ದೂ ಇದೇ ಹಳಿ ಹಿಡಿದು. ಆಗ ರಾಯಬಾಗ ಕೊಲ್ಹಾಪುರ ಸಂಸ್ಥಾನದ ಕೈಯಲ್ಲಿತ್ತು, ಚಿಕ್ಕೋಡಿ ಅಥಣಿಗಳು ಇಂಗ್ಲಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ಬೇನೆಗೆ ಯಾವ ದರಬಾರಿನ ಗಡಿಯೂ ಲೆಕ್ಕಕ್ಕಿರಲಿಲ್ಲ.

ಬೇನೆಯ ಹಿಂದೆಯೇ ಅದೇ ರೈಲಿನಲ್ಲಿ ಒಂದು ಮದ್ದೂ ಬಂತು. ಗಾಜಿನ ಬಾಟಲಿಯಲ್ಲಿ ತುಂಬಿಟ್ಟ ಕಲಕು ರಸ, ಅದನ್ನು ಚುಚ್ಚಲು ಸೂಜಿ. ಹುಬ್ಬಳ್ಳಿ, ಧಾರವಾಡ, ಗದಗ, ಬೆಳಗಾವಿಗಳಲ್ಲಿ ಸಾವಿರಗಟ್ಟಲೆ ಜನ ತೋಳು ಚಾಚಿದ ಆ ಸೂಜಿಯನ್ನು ಮೊದಲು ಲೆಕ್ಕ ಇಟ್ಟು ಪರೀಕ್ಷಿಸಿದ್ದು ಆಸ್ಪತ್ರೆಯಲ್ಲಲ್ಲ, ಜೈಲಿನಲ್ಲಿ. ನಮ್ಮ ಕಡೆಯ ಪ್ಲೇಗಿನ ಕಥೆ ಹೇಳುವವರು ಇಲಿ ಬಿದ್ದದ್ದು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು, ಪ್ಲೇಗಮ್ಮನಿಗೆ ಹರಕೆ ಹೊತ್ತದ್ದು ಎಲ್ಲವನ್ನೂ ಹೇಳುತ್ತಾರೆ. ಕೈದಿಗಳ ಮಾತು ಮಾತ್ರ ಬರುವುದಿಲ್ಲ. ಈ ಲೇಖನ ಅವರದು.

ಜೈಲೆಂದರೆ ಸಾಯುವ ಜಾಗ ಎಂಬುದು ಕಂಪನಿ ಸರ್ಕಾರದ ಕಾಲದಿಂದಲೂ ಗೊತ್ತಿದ್ದ ಸಂಗತಿ. ಮೆಕಾಲೆ ಇದ್ದ ಜೈಲು ಸುಧಾರಣಾ ಸಮಿತಿ 1838ರಲ್ಲಿ ವರದಿ ಕೊಟ್ಟಾಗಲೇ ಕೈದಿಗಳ ಸಾವು ದೊಡ್ಡ ತಲೆನೋವಾಗಿತ್ತು. ಆರು ತಿಂಗಳ ಸಜೆಗೆ ಒಳಹೋದವನು ಆಮಶಂಕೆಗೋ ಕಾಲರಾಕ್ಕೋ ಸಿಕ್ಕು ಹೆಣವಾಗಿ ಹೊರಬಂದರೆ ನ್ಯಾಯಾಧೀಶ ಬರೆದ ಶಿಕ್ಷೆಗೆ ಅರ್ಥವೇನು ಎಂಬ ಪ್ರಶ್ನೆ ಬಿಳಿಯ ಅಧಿಕಾರಿಗಳನ್ನೂ ಕಾಡಿತು. 1864ರ ಸಮಿತಿ ಅಳತೆಪಟ್ಟಿ ಹಿಡಿದು ಕೂತಿತು. ಒಬ್ಬ ಕೈದಿಗೆ ಮಲಗಲು 54 ಚದರ ಅಡಿ ನೆಲ, ಉಸಿರಾಡಲು 640 ಘನ ಅಡಿ ಗಾಳಿ ಬೇಕು ಎಂದಿತು. ಒಂಬತ್ತಡಿ ಉದ್ದ, ಆರಡಿ ಅಗಲ. ಈ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಆಮೇಲೆ 1894ರ ಬಂದೀಖಾನೆ ಕಾಯ್ದೆ ಬಂತು. ಪ್ರತಿ ಜೈಲಿಗೆ ಒಬ್ಬ ವೈದ್ಯಾಧಿಕಾರಿ, ಒಳಬರುವ ಪ್ರತಿ ಕೈದಿಗೆ ವೈದ್ಯಕೀಯ ತಪಾಸಣೆ ಎಂದು ಅದು ಹೇಳಿತು. ಎಷ್ಟೋ ಜಿಲ್ಲಾ ಜೈಲುಗಳಲ್ಲಿ ಸಿವಿಲ್ ಸರ್ಜನ್ನನೇ ಸೂಪರಿಂಟೆಂಡೆಂಟ್ ಕೂಡ ಆಗಿರುತ್ತಿದ್ದ. ಬೀಗದ ಕೈಯೂ ಔಷಧದ ಪೆಟ್ಟಿಗೆಯೂ ಒಬ್ಬನ ಬಳಿಯೇ. ಕೈದಿಯನ್ನು ಕಾಯುವವನು ಬೇರೆ, ಕೈದಿಯ ಮೈ ನೋಡುವವನು ಬೇರೆ ಆಗಿರಬೇಕು ಎಂಬ ಯೋಚನೆ ಆಗಿನ್ನೂ ದೂರವಿತ್ತು.

ಆ ಕಾಯ್ದೆಯ ಏಳನೆಯ ಕಲಮನ್ನು ಇಂದಿಗೂ ಹೆಚ್ಚು ಜನ ಓದಿಲ್ಲ. ಜೈಲಿನಲ್ಲಿ ಹಿಡಿಸಲಾರದಷ್ಟು ಜನ ತುಂಬಿ ಬೇರೆ ಕಡೆ ಕಳಿಸಲೂ ಆಗದಿದ್ದರೆ, ಇಲ್ಲವೇ ಒಳಗೆ ಸಾಂಕ್ರಾಮಿಕ ರೋಗ ಎದ್ದರೆ, ಕೈದಿಗಳಿಗೆ ತಾತ್ಕಾಲಿಕ ಜೈಲುಗಳಲ್ಲಿ ಆಸರೆ ಒದಗಿಸಬೇಕು ಎಂದು ಅದು ಹೇಳುತ್ತದೆ. ಅಂದರೆ ಬೇನೆ ಬಂದಾಗ ಬಾಗಿಲು ಇನ್ನಷ್ಟು ಬಿಗಿಯಾಗಿ ಹಾಕಿಕೊಂಡು ಕೂರಬೇಡಿ, ಜನರನ್ನು ಹೊರಗೆ ಚದುರಿಸಿ ಎಂಬುದು ಕಾನೂನಿನ ಮಾತು. ಪ್ಲೇಗು ಕಾಲಿಡುವ ಎರಡು ವರ್ಷ ಮೊದಲೇ ಇದು ಪುಸ್ತಕದಲ್ಲಿ ಅಚ್ಚಾಗಿತ್ತು.

ಇನ್ನು ಸೂಜಿಯ ಕಥೆ. ವಾಲ್ಡೆಮಾರ್ ಹಾಫ್‌ಕಿನ್ 1860ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಯೆಹೂದಿ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ಮಾಡಿ, 1893ರಲ್ಲಿ ಅದನ್ನು ಕಲ್ಕತ್ತೆಗೆ ತಂದವನು. ಮರುವರ್ಷ ಬಿಹಾರದ ಗಯಾ ಜೈಲಿನಲ್ಲಿ ಕಾಲರಾ ಎದ್ದಾಗ ಕೈದಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಜನರಿಗೆ ಅದನ್ನು ಚುಚ್ಚಿ ನೋಡಿದ್ದ. ಜೈಲು ಪ್ರಯೋಗಕ್ಕೆ ಎಷ್ಟು ಒದಗಿ ಬರುವ ಜಾಗ ಎಂಬುದು ಅವನಿಗೆ ಮನದಟ್ಟಾದದ್ದು ಅಲ್ಲಿಯೇ ಇರಬೇಕು. ಹೊರಗಿನ ಊರಲ್ಲಿ ಸೂಜಿ ಹಾಕಿಸಿಕೊಂಡವನು ನಾಳೆ ಎಲ್ಲಿ ಹೋಗುತ್ತಾನೋ, ಏನು ತಿನ್ನುತ್ತಾನೋ ಯಾರು ಬಲ್ಲರು? ಜೈಲಿನಲ್ಲಿ ಎಲ್ಲರಿಗೂ ಒಂದೇ ಅನ್ನ, ಒಂದೇ ನೀರು, ಒಂದೇ ಹೊತ್ತಿನ ದುಡಿಮೆ. ಬೆಳಿಗ್ಗೆ ಎಣಿಕೆ, ಸಂಜೆ ಎಣಿಕೆ. ಯಾರು ಮಲಗಿದರು, ಯಾರು ಸತ್ತರು ಎಂಬುದು ತಪ್ಪುವಂತಿಲ್ಲ.

1896ರ ಅಕ್ಟೋಬರಿನಲ್ಲಿ ಸರ್ಕಾರ ಅವನನ್ನು ಮುಂಬಯಿಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕಿದ್ದು ಒಂದು ಕೋಣೆ ಮತ್ತು ಅದರ ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಅಷ್ಟರಲ್ಲೇ ಅವನು ಪ್ಲೇಗಿನ ಲಸಿಕೆ ಬೇಯಿಸಿದ. ಬೇಯಿಸಿದ ಎಂದದ್ದು ಬಾಯಿತಪ್ಪಿಯಲ್ಲ. ಮಾಂಸದ ರಸವನ್ನು ದೊಡ್ಡ ಗಾಜಿನ ಬುರುಡೆಯಲ್ಲಿ ತುಂಬಿ, ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡುವುದು, ಅದರಲ್ಲಿ ಪ್ಲೇಗಿನ ಕ್ರಿಮಿ ಬಿತ್ತುವುದು. ಕ್ರಿಮಿಗಳು ತುಪ್ಪದ ಹನಿಗೆ ಅಂಟಿಕೊಂಡು ಅಲ್ಲಿಂದ ಎಳೆಎಳೆಯಾಗಿ ಕೆಳಕ್ಕೆ ಜೋತು ಬೀಳುತ್ತವೆ. ಬುರುಡೆಯನ್ನು ಮೆಲ್ಲಗೆ ಅಲುಗಾಡಿಸಿದರೆ ಆ ಎಳೆಗಳೆಲ್ಲ ಕಳಚಿ ತಳ ಸೇರುತ್ತವೆ, ಮತ್ತೆ ಹೊಸ ಎಳೆ ಇಳಿಯುತ್ತದೆ. ವಾರಗಟ್ಟಲೆ ಹೀಗೆ ಬೆಳೆಸಿ, ಕೊನೆಗೆ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ತಾಸು ಕಾಯಿಸಿ ಕ್ರಿಮಿ ಕೊಲ್ಲುವುದು, ಕೆಡದಿರಲೆಂದು ತುಸು ಕಾರ್ಬಾಲಿಕ್ ಆಮ್ಲ ಬೆರೆಸುವುದು. ರಸಕ್ಕೆ ದನದ ಮಾಂಸವನ್ನಾಗಲಿ ಹಂದಿಯ ಮಾಂಸವನ್ನಾಗಲಿ ಬಳಸದೆ ಆಡಿನ ಮಾಂಸ ಬಳಸಿದ್ದ. ಜನರ ಮನಸ್ಸು ನೋಯಬಾರದು ಎಂಬ ಈ ಎಚ್ಚರ ಆಗಿನ ಪ್ಲೇಗು ಅಧಿಕಾರಿಗಳಲ್ಲಿ ತೀರಾ ಅಪರೂಪದ್ದು.

1897ರ ಜನವರಿ 10ರಂದು ಅವನು ಮೊದಲು ತನಗೇ ಚುಚ್ಚಿಸಿಕೊಂಡ. ಹತ್ತು ಸಿ.ಸಿ. ಆಮೇಲೆ ಜನರಿಗೆ ಕೊಟ್ಟ ಪ್ರಮಾಣದ ಮೂರು ನಾಲ್ಕು ಪಟ್ಟು. ಚುಚ್ಚಿದವರು ಡಾ. ಸರ್ವೇಯರ್ ಎಂಬ ಪಾರ್ಸಿ ವೈದ್ಯರು. ಜ್ವರ ಬಂತು, ನೋವಾಯಿತು, ಇಳಿಯಿತು. ಆ ತಿಂಗಳು ಮುಗಿಯುವ ಮೊದಲೇ ಮುಂಬಯಿಯ ಬೈಕುಲ್ಲಾ ಜೈಲಿನೊಳಗೆ ಪ್ಲೇಗು ಹೊಕ್ಕಿತು.

ಜನವರಿ 30ರಂದು ಹಾಫ್‌ಕಿನ್ ಜೈಲಿನ ಅಂಗಳಕ್ಕೆ ಬಂದ. ಒಳಗೆ ಮುನ್ನೂರಕ್ಕೂ ಮಿಕ್ಕಿ ಜನ. ಸೂಜಿ ಯಾರಿಗೆ ಬೇಕು ಎಂದು ಕೇಳಿದಾಗ ಅರ್ಧಕ್ಕೆ ತುಸು ಕಡಿಮೆ ಮಂದಿ ಮುಂದೆ ಬಂದರು. ಅದೇ ದಿನ ಕೆಲವರಿಗೆ ಬೇನೆ ಕಾಣಿಸಿತು. ಅವರಲ್ಲಿ ಸೂಜಿ ಹಾಕಿಸಿಕೊಂಡವರೂ ಇದ್ದರು, ಹಾಕಿಸಿಕೊಳ್ಳದವರೂ ಇದ್ದರು. ಬೇನೆ ಮೊದಲೇ ಮೈಯೊಳಗಿತ್ತು ಎಂದು ಹಾಫ್‌ಕಿನ್ ಆ ದಿನವನ್ನು ಲೆಕ್ಕದಿಂದ ಕೈಬಿಟ್ಟ. ಮರುದಿನದಿಂದ ಬೇನೆ ತಣ್ಣಗಾಗುವವರೆಗೆ ಎಣಿಸಿದರೆ, ಸೂಜಿ ಇಲ್ಲದವರಲ್ಲಿ 12 ಮಂದಿಗೆ ಪ್ಲೇಗು ತಗುಲಿ 6 ಮಂದಿ ಸತ್ತರು. ಸೂಜಿ ಇದ್ದವರಲ್ಲಿ ಇಬ್ಬರಿಗೆ ತಗುಲಿತು, ಯಾರೂ ಸಾಯಲಿಲ್ಲ.

ಅಂಕಿ ಚಿಕ್ಕದು. ತಕರಾರು ತೆಗೆಯುವವರಿಗೆ ಜಾಗವೂ ಇತ್ತು. ತಾವಾಗಿ ಮುಂದೆ ಬಂದವರು ಗಟ್ಟಿಮುಟ್ಟಾಗಿದ್ದವರೇ ಇರಬಹುದಲ್ಲ? ಮೈಯಲ್ಲಿ ಸೋತವರು ಹಿಂದೆ ಕೂತಿರಬಹುದಲ್ಲ? ಸರಿಯಾದ ತಕರಾರೇ. ಹಾಫ್‌ಕಿನ್‌ಗೂ ಅದು ಗೊತ್ತಿತ್ತು. ಹಾಗಾಗಿ 1898ರ ಜನವರಿಯಲ್ಲಿ ಮುಂಬಯಿಯ ಡೋಂಗ್ರಿಯಲ್ಲಿದ್ದ ಉಮರಖಾಡಿ ಜೈಲಿಗೆ ಪ್ಲೇಗು ಬಂದಾಗ ಅವನು ಕ್ರಮ ಬದಲಿಸಿದ. ಕೈದಿಗಳನ್ನು ಸಾಲಾಗಿ ಕೂರಿಸಿ, ಒಬ್ಬನನ್ನು ಬಿಟ್ಟು ಒಬ್ಬನಿಗೆ ಚುಚ್ಚಿದ. ಗಟ್ಟಿಗ, ಬಡಕಲ, ಮುದುಕ, ಹುಡುಗ ಎಂಬ ಆಯ್ಕೆಯೇ ಇಲ್ಲ. ಸಾಲಿನಲ್ಲಿ ಎಲ್ಲಿ ಕೂತಿದ್ದೀಯೋ ಅದೇ ನಿನ್ನ ಹಣೆಬರಹ. ಸೂಜಿ ಸಿಗದವರಲ್ಲಿ 10 ಮಂದಿಗೆ ಬೇನೆ ಬಂದು 6 ಮಂದಿ ತೀರಿಕೊಂಡರು. ಸಿಕ್ಕವರಲ್ಲಿ 3 ಮಂದಿಗೆ ಬಂತು, ಮೂವರೂ ಬದುಕಿದರು. ಇಂದು ಹೊಸ ಔಷಧ ಪರೀಕ್ಷಿಸುವವರು ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡುತ್ತಾರಲ್ಲ, ಅದರ ಹಳೆಯ ರೂಪವೊಂದು ಡೋಂಗ್ರಿಯ ಈ ಜೈಲಿನ ನೆಲದ ಮೇಲೆ ಕೂತಿತ್ತು.

ಇದೇ ಡೋಂಗ್ರಿ ಜೈಲಿನಲ್ಲಿ ಕೆಲವೇ ತಿಂಗಳ ಹಿಂದೆ ಬಾಲ ಗಂಗಾಧರ ತಿಲಕರು ಇದ್ದರು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಸೋಜರರನ್ನು ಮನೆಮನೆಗೆ ನುಗ್ಗಿಸಿದ್ದು, ಅದರ ಸಿಟ್ಟಿಗೆ 1897ರ ಜೂನ್ 22ರ ರಾತ್ರಿ ಚಾಫೇಕರ ಸಹೋದರರು ಅವನಿಗೆ ಗುಂಡು ಹೊಡೆದದ್ದು ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ‘ಕೇಸರಿ’ಯ ಬರಹಗಳಿಗಾಗಿ ತಿಲಕರಿಗೆ ಸೆಪ್ಟೆಂಬರಿನಲ್ಲಿ 18 ತಿಂಗಳ ಸಜೆಯಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಬಂದಿದ್ದ ಸಾಂಕ್ರಾಮಿಕ ರೋಗಗಳ ಕಾಯ್ದೆ ಸರ್ಕಾರಕ್ಕೆ ಮನೆ ಹೊಗುವ, ರೈಲು ಪ್ರಯಾಣಿಕರನ್ನು ತಡೆಯುವ, ರೋಗಿಯನ್ನು ಎತ್ತಿಕೊಂಡು ಹೋಗುವ ಅಧಿಕಾರ ಕೊಟ್ಟಿತ್ತು. ಒಂದು ಕಡೆ ಬಂದೂಕು ಹಿಡಿದ ಪ್ಲೇಗು ನಿವಾರಣೆ, ಇನ್ನೊಂದು ಕಡೆ ಆಡಿನ ಮಾಂಸದ ರಸ. ಜನರಿಗೆ ಇವೆರಡೂ ಒಂದೇ ಸರ್ಕಾರದ ಎರಡು ಕೈಗಳಾಗಿ ಕಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೀಗಿದ್ದೂ ಸೂಜಿ ದಕ್ಷಿಣಕ್ಕೆ ಬಂತು, ಮತ್ತು ನಮ್ಮ ಭಾಗದಲ್ಲಿ ನಡೆದಷ್ಟು ದೊಡ್ಡದಾಗಿ ಆಗ ಬೇರೆ ಕಡೆ ನಡೆದದ್ದು ಕಡಿಮೆ. ಬೆಳಗಾವಿಯ ದಂಡಿನಲ್ಲಿ ಪ್ಲೇಗು ಕಂಡಾಗ 26ನೇ ಮದ್ರಾಸ್ ಕಾಲಾಳು ಪಡೆಯ ಸಿಪಾಯಿಗಳಿಗೂ ಅವರ ಹೆಂಡಿರು ಮಕ್ಕಳಿಗೂ ಹೆಚ್ಚುಕಮ್ಮಿ ಪೂರ್ತಿಯಾಗಿ ಸೂಜಿ ಹಾಕಲಾಯಿತು. 1898ರಲ್ಲಿ ಹುಬ್ಬಳ್ಳಿ ಹೊತ್ತಿ ಉರಿಯಿತು. ಅಲ್ಲಿ ಡಾ. ಲ್ಯೂಮನ್ ಮತ್ತು ಜೊತೆಯವರು ಸುಮಾರು 38,000 ಜನರಿಗೆ ಚುಚ್ಚಿದರು. ಊರಿನಲ್ಲಿ ಉಳಿದವರ ಪೈಕಿ ಸೂಜಿ ಇಲ್ಲದವರನ್ನು ಬೆರಳೆಣಿಕೆಯಲ್ಲಿ ಹುಡುಕಬೇಕಾಗಿತ್ತು. ಧಾರವಾಡ ಗದಗಗಳಲ್ಲಿ ಅಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಈ ಕೆಲಸಕ್ಕೆ ನಿಂತರು. ಗಂಡಸು ಡಾಕ್ಟರನ ಮುಂದೆ ತೋಳು ಬಿಚ್ಚಲು ಒಲ್ಲದ ಮನೆಗಳ ಬಾಗಿಲು ಹೆಣ್ಣು ಡಾಕ್ಟರಿಗೆ ತೆರೆಯಿತು. ಸೂಜಿ ಹಾಕಿಸಿಕೊಂಡವರಿಗೆ ಒಂದು ಚೀಟಿ ಸಿಗುತ್ತಿತ್ತು. ಅದಿದ್ದರೆ ಪ್ರತ್ಯೇಕ ಶಿಬಿರದ ಕಾಟದಿಂದ ವಿನಾಯಿತಿ. ಬೇನೆಯ ಭಯಕ್ಕಿಂತ ಚೀಟಿಯ ಆಸೆಗೆ ಬಂದವರೇ ಹೆಚ್ಚಿದ್ದರೂ ಇರಬಹುದು. ಕೋವಿಡ್ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ತಿರುಗಿದ ನಮಗೆ ಇದು ಹೊಸತಲ್ಲ.

ಧಾರವಾಡದ ಜೈಲಿಗೂ ಆ ವರ್ಷ ಪ್ಲೇಗು ನುಗ್ಗಿತು. ಜೈಲೆಂದರೆ ಕಾಳಿನ ಉಗ್ರಾಣ ಇರುವ ಜಾಗ. ಕೈದಿಗಳು ಬೀಸುವ ಜೋಳದ ಮೂಟೆಗಳು ಎಲ್ಲಿವೆಯೋ ಅಲ್ಲಿ ಇಲಿ, ಇಲಿ ಇದ್ದಲ್ಲಿ ಚಿಗಟ. ಆದರೆ ಇಲಿಯ ಮೈಮೇಲಿನ ಚಿಗಟ ಬೇನೆ ಹೊರುತ್ತದೆ ಎಂದು ಪಾಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರಲ್ಲಿ. ಅದನ್ನು ದೊಡ್ಡವರು ಒಪ್ಪಲು ಇನ್ನೂ ಏಳೆಂಟು ವರ್ಷ ಹಿಡಿಯಿತು. ಅಲ್ಲಿಯವರೆಗೆ ಜೈಲು ಅಧಿಕಾರಿಗಳು ಗೋಡೆಗೆ ಸುಣ್ಣ ಬಳಿಸಿದರು, ನೆಲಕ್ಕೆ ಪಾದರಸದ ವಿಷನೀರು ಸುರಿಸಿದರು, ಕಂಬಳಿ ಸುಡಿಸಿದರು. ಚಿಗಟ ಹೊತ್ತ ಕಂಬಳಿ ಸುಟ್ಟಿದ್ದು ಕಾರಣ ಗೊತ್ತಿಲ್ಲದೆಯೂ ಸರಿಯಾದ ಕೆಲಸವೇ ಆಯಿತು. ಸುಣ್ಣದಿಂದ ಚಿಗಟಕ್ಕೆ ಏನೂ ಆಗಲಿಲ್ಲ. ಧಾರವಾಡ ಜೈಲಿನಲ್ಲಿ ಕೆಲವರು ಸತ್ತ ಮೇಲೆ ಒಳಗಿದ್ದ ಮುನ್ನೂರಕ್ಕೂ ಹೆಚ್ಚು ಮಂದಿಗೆ, ಒಬ್ಬರನ್ನೂ ಬಿಡದೆ, ಸೂಜಿ ಹಾಕಲಾಯಿತು. ಆಮೇಲೆ ಬೇನೆ ಅಲ್ಲಿ ತಲೆ ಎತ್ತಲಿಲ್ಲ ಎಂದೇ ಹೇಳಬೇಕು.

ಬೈಕುಲ್ಲಾದಲ್ಲಿ ಕೇಳಿದರು. ಉಮರಖಾಡಿಯಲ್ಲಿ ಸಾಲಾಗಿ ಕೂರಿಸಿದರು. ಧಾರವಾಡದಲ್ಲಿ ಎಲ್ಲರಿಗೂ ಹಾಕಿದರು. ಎರಡೇ ವರ್ಷದೊಳಗೆ ಒಪ್ಪಿಗೆಯ ಮಾತು ಹೀಗೆ ಸವೆಯುತ್ತ ಬಂತು. ಧಾರವಾಡದ ಕೈದಿಗಳ ಮಟ್ಟಿಗೆ ಇದು ಒಳ್ಳೆಯದೇ ಆಯಿತು ಎನ್ನೋಣ. ಮದ್ದು ಕೆಲಸ ಮಾಡುತ್ತದೆ ಎಂದು ಆಗ ಗೊತ್ತಿತ್ತು, ಅರ್ಧ ಜನರನ್ನು ಬಿಟ್ಟು ನೋಡುವುದೇ ಪಾಪವಾಗುತ್ತಿತ್ತು. ಬೈಕುಲ್ಲಾದ ‘ಒಪ್ಪಿಗೆ’ಯ ಬಗ್ಗೆ ಮಾತ್ರ ನನಗೆ ಅನುಮಾನವಿದೆ. ಪಕ್ಕದ ಹಾಸಿಗೆಯವನು ತೊಡೆಸಂದಿಯಲ್ಲಿ ಗಡ್ಡೆ ಎದ್ದು ನರಳುತ್ತಿರುವಾಗ, ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿರುವಾಗ, ಸಾಹೇಬ ಬಂದು ‘ಬೇಕೇ’ ಎಂದರೆ ಬೇಡ ಎನ್ನುವ ಧೈರ್ಯ ಎಷ್ಟು ಜನರಿಗಿದ್ದೀತು? ಅಷ್ಟಾದರೂ ಅರ್ಧಕ್ಕಿಂತ ಹೆಚ್ಚು ಮಂದಿ ಬೇಡವೆಂದು ಕೂತರು ಎಂಬುದನ್ನೂ ಮರೆಯಬಾರದು. ವರದಿಗಳಲ್ಲಿ ಅವರದೆಲ್ಲ ಬರೀ ಅಂಕಿ. ಸತ್ತ ಆರು, ಬದುಕಿದ ಇಬ್ಬರು. ಹೆಸರು ಉಳಿದದ್ದು ಹಾಫ್‌ಕಿನ್‌ದು, ಉಳಿಯಬೇಕಾದದ್ದೇ. 1899ರಲ್ಲಿ ಪರೇಲಿನಲ್ಲಿ ನೆಲೆಯೂರಿದ ಅವನ ಪ್ರಯೋಗಾಲಯಕ್ಕೆ 1925ರಲ್ಲಿ ಅವನದೇ ಹೆಸರಿಟ್ಟರು.

ಅವನಿಗೂ ಸುಖವೇನೂ ಇರಲಿಲ್ಲ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಬಾಟಲಿಯ ಮುಚ್ಚಳ ತೆಗೆಯುವಾಗ ಆದ ಕೊಳಕೇ ಕಾರಣವೆಂದು ಜಗತ್ತಿನ ವಿಜ್ಞಾನಿಗಳು ವಾದಿಸಿ 1907ರಲ್ಲಿ ಅವನನ್ನು ಕಳಂಕದಿಂದ ಬಿಡಿಸುವ ಹೊತ್ತಿಗೆ ಐದು ವರ್ಷ ಹೋಗಿತ್ತು, ಜನರ ನಂಬಿಕೆಯೂ ಹೋಗಿತ್ತು. ನಮ್ಮ ಕಡೆ ಮತ್ತೆ ಹೊಲದ ಗುಡಿಸಲೇ ಗತಿಯಾಯಿತು. ಇಲಿ ಬಿದ್ದ ಸುದ್ದಿ ಬಂದರೆ ಸಾಕು, ದನಕರು, ಬೀಸುಕಲ್ಲು, ಹಾಸಿಗೆ ಸಮೇತ ಊರಿಗೆ ಊರೇ ಹೊರಬೀಳುತ್ತಿತ್ತು. ಪ್ಲೇಗಿನ ವರ್ಷ ಊರ ಹೊರಗೆ ಹುಟ್ಟಿದವರು ಎಂದು ಅಜ್ಜ ಅಜ್ಜಿಯರ ವಯಸ್ಸು ಲೆಕ್ಕ ಹಾಕುವ ಮನೆಗಳು ಅಥಣಿ ನಿಪ್ಪಾಣಿಗಳ ಕಡೆ ಮೊನ್ನೆಮೊನ್ನೆಯವರೆಗೂ ಇದ್ದವು. ಅವರು ಮಾಡಿದ್ದು ಬಂದೀಖಾನೆ ಕಾಯ್ದೆಯ ಏಳನೆಯ ಕಲಮು ಹೇಳಿದ್ದನ್ನೇ: ತುಂಬಿದ ಜಾಗದಿಂದ ಹೊರಬಂದು ಚದುರುವುದು. ರೈತ ತಾನಾಗಿ ಹೊರಟ. ಕೈದಿಯನ್ನು ಯಾರಾದರೂ ಹೊರಡಿಸಬೇಕು.

ಬೆಳಗಾವಿ ಬಳಿಯ ಹಿಂಡಲಗಾದ ಜೈಲು ಕಟ್ಟಿದ್ದು 1923ರಲ್ಲಿ, ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಹಿಂದಿನ ವರ್ಷ. ಆಗ ಪ್ಲೇಗಿನ ಅಬ್ಬರ ಇಳಿದಿತ್ತು. ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಪ್ಲೇಗು ವಾಸಿಯಾಗುವ ಕಾಯಿಲೆಯಾಯಿತು, ಡಿಡಿಟಿ ಚಿಗಟವನ್ನು ನೋಡಿಕೊಂಡಿತು. ಜೈಲಿನೊಳಗಿನ ಬೇನೆಯ ಹೆಸರು ಬದಲಾಯಿತು, ಬೇನೆ ಹೋಗಲಿಲ್ಲ. ಕ್ಷಯ ಬಂತು, ಅಥವಾ ಮೊದಲೇ ಇದ್ದದ್ದು ಕಣ್ಣಿಗೆ ಬಿತ್ತು. ಆಮೇಲೆ ಎಚ್‌ಐವಿ, ಹೆಪಟೈಟಿಸ್. ಇವ್ಯಾವುವೂ ಪ್ಲೇಗಿನಂತೆ ವಾರದಲ್ಲಿ ಕೊಲ್ಲುವುದಿಲ್ಲ. ವರ್ಷಗಟ್ಟಲೆ ಮೈಯಲ್ಲಿ ಕೂತಿದ್ದು, ಕೈದಿಯ ಜೊತೆಗೇ ಬಿಡುಗಡೆಯಾಗಿ ಮನೆಗೆ ಬರುತ್ತವೆ. ಕ್ಷಯವಂತೂ ಗಾಳಿಯ ರೋಗ. ಕಿಟಕಿ ಇಲ್ಲದ ಬ್ಯಾರಕ್ಕಿನಲ್ಲಿ ಒಬ್ಬ ಕೆಮ್ಮಿದರೆ ಸಂಜೆ ಬೀಗ ಬಿದ್ದಲ್ಲಿಂದ ಬೆಳಿಗ್ಗೆ ಬೀಗ ತೆಗೆಯುವವರೆಗೂ ಎಲ್ಲರೂ ಅದೇ ಗಾಳಿ ಕುಡಿಯಬೇಕು.

ಈ ವಿಷಯದಲ್ಲಿ ದೇಶಕ್ಕೆಲ್ಲ ದಾರಿ ತೋರಿದ ಮೊಕದ್ದಮೆ ಕರ್ನಾಟಕದ್ದೇ. ಬೆಂಗಳೂರು ಕೇಂದ್ರ ಕಾರಾಗೃಹದ ರಾಮಮೂರ್ತಿ ಎಂಬ ಕೈದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಕಾಗದ ಬರೆದರು. ಊಟ ಸರಿಯಿಲ್ಲ, ಉಪಚಾರ ಸರಿಯಿಲ್ಲ ಎಂಬ ದೂರು. ಕೋರ್ಟು ಆ ಕಾಗದವನ್ನೇ ಅರ್ಜಿಯಾಗಿ ತೆಗೆದುಕೊಂಡಿತು. 1996ರ ಡಿಸೆಂಬರಿನಲ್ಲಿ ತೀರ್ಪು ಬಂದಾಗ ಅದರಲ್ಲಿ ದೇಶದ ಜೈಲುಗಳ ಒಂಬತ್ತು ರೋಗಗಳ ಪಟ್ಟಿಯೇ ಇತ್ತು. ಮೊದಲನೆಯದು ಜನದಟ್ಟಣೆ. ಆರೋಗ್ಯ ಮತ್ತು ಶುಚಿತ್ವದ ಅಲಕ್ಷ್ಯವೂ ಆ ಒಂಬತ್ತರಲ್ಲಿ ಒಂದು. ನೂರು ವರ್ಷ ಹಳೆಯ 1894ರ ಕಾಯ್ದೆಯನ್ನು ಬದಲಿಸಿ ಎಂದೂ ಕೋರ್ಟು ಒತ್ತಿ ಹೇಳಿತು. ಕೇಂದ್ರ ಸರ್ಕಾರ ಮಾದರಿ ಕಾಯ್ದೆಯೊಂದನ್ನು ಮುಂದಿಟ್ಟದ್ದು 2023ರಲ್ಲಿ. ನಡುವೆ ಕಳೆದದ್ದು 27 ವರ್ಷ.

ಜನದಟ್ಟಣೆಯ ಮಾತು ಬಂದದ್ದರಿಂದ ಆ 54 ಚದರ ಅಡಿಗೆ ಬರುತ್ತೇನೆ. ಈಗಿನ ಮಾದರಿ ಜೈಲು ಕೈಪಿಡಿ ಬ್ಯಾರಕ್ಕಿನಲ್ಲಿ ಮಲಗುವ ಒಬ್ಬ ಕೈದಿಗೆ ಇಡಬೇಕೆನ್ನುವ ಜಾಗ 3.71 ಚದರ ಮೀಟರು. ಅಂದರೆ 40 ಚದರ ಅಡಿ. 1864ರಲ್ಲಿ ಗುಲಾಮ ದೇಶದ ಕೈದಿಗೆ ಇರಲಿ ಎಂದದ್ದಕ್ಕಿಂತ ಸ್ವತಂತ್ರ ದೇಶದ ಕೈದಿಯ ಪಾಲು 14 ಚದರ ಅಡಿ ಕಡಿಮೆ. ಆಗಲೂ ಅದು ಕಾಗದದ ಮೇಲಷ್ಟೇ ಇತ್ತು ಎನ್ನಿ, ಈಗಲೂ ಹಾಗೆಯೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ ನೂರು ಜನರ ಜಾಗದಲ್ಲಿ 131 ಜನರಿದ್ದರು. ಅವರಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರು, ತಪ್ಪು ಮಾಡಿದ್ದಾರೆಂದು ಯಾವ ನ್ಯಾಯಾಧೀಶನೂ ಇನ್ನೂ ಹೇಳಿರದವರು.

2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಈ ಲೆಕ್ಕ ಎಲ್ಲರಿಗೂ ಒಮ್ಮೆಲೇ ಅರ್ಥವಾಯಿತು. ಆರಡಿ ದೂರ ನಿಲ್ಲಿ ಎಂದು ಹೊರಗೆ ಡಂಗುರ ಸಾರುತ್ತಿದ್ದ ಸರ್ಕಾರದ ಕೈಯಲ್ಲೇ, ಒಬ್ಬರ ಕಾಲು ಇನ್ನೊಬ್ಬರ ತಲೆಗೆ ತಾಗುವಂತೆ ಮಲಗುವ ಬ್ಯಾರಕ್ಕುಗಳಿದ್ದವು. ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಮಾರ್ಚ್ 23ರಂದು ಪ್ರತಿ ರಾಜ್ಯಕ್ಕೂ ಉನ್ನತಾಧಿಕಾರ ಸಮಿತಿ ಮಾಡಲು ಹೇಳಿತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸಿಕ್ಕವರನ್ನು ಮಧ್ಯಂತರ ಜಾಮೀನಿನಲ್ಲೋ ಪರೋಲಿನಲ್ಲೋ ಬಿಡುವುದನ್ನು ಆ ಸಮಿತಿಗಳು ನೋಡಬೇಕಿತ್ತು. ಕರ್ನಾಟಕವೂ ಬಿಟ್ಟಿತು. ಎರಡನೇ ಅಲೆಯಲ್ಲಿ, 2021ರ ಮೇ 7ರಂದು, ಕೋರ್ಟು ಮತ್ತೆ ಅದೇ ಆದೇಶ ಕೊಟ್ಟಿತು. ಹೊಸದಾಗಿ ಬಂದವರನ್ನು ಕೆಲವು ದಿನ ಬೇರೆ ಇಡುವುದು, ಮನೆಯವರ ಮುಲಾಖತ್ ನಿಲ್ಲಿಸಿ ವಿಡಿಯೊ ಕರೆಯಲ್ಲಿ ಮುಖ ತೋರಿಸುವುದು, ಆಮೇಲೆ ಬ್ಯಾರಕ್ಕಿಗೇ ಹೋಗಿ ಲಸಿಕೆ ಹಾಕುವುದು. ಬಾಗಿಲು ತೆಗೆದು ಚದುರಿಸುವುದು ಮತ್ತು ಸೂಜಿ. 1897ರಲ್ಲಿ ಇದ್ದವೂ ಇವೇ ಎರಡು ಉಪಾಯ. ರೋಗ ಇಳಿದ ಮೇಲೆ ಬಿಟ್ಟವರನ್ನು ಹಿಂದಕ್ಕೆ ಕರೆದರು, ಬ್ಯಾರಕ್ಕು ಮತ್ತೆ ತುಂಬಿತು. ಕ್ಷಯದವನ ಸಲುವಾಗಿ ಯಾರೂ ಉನ್ನತಾಧಿಕಾರ ಸಮಿತಿ ಮಾಡುವುದಿಲ್ಲ. ಅವನ ರೋಗ ನ್ಯಾಯಾಧೀಶರ ಮನೆ ತಲುಪುವುದು ಅಪರೂಪ.

ಒಳ್ಳೆಯ ಕೆಲಸ ಆಗಿಲ್ಲವೆಂದಲ್ಲ. ಕ್ಷಯ ವಿಭಾಗದವರು ಜೈಲಿಗೇ ಹೋಗಿ ಕಫ ಪರೀಕ್ಷೆ ಮಾಡುತ್ತಾರೆ. 2017ರ ಎಚ್‌ಐವಿ ಕಾಯ್ದೆ, ಸರ್ಕಾರದ ವಶದಲ್ಲಿರುವ ವ್ಯಕ್ತಿಗೂ ತಡೆ, ಸಲಹೆ, ಪರೀಕ್ಷೆ, ಚಿಕಿತ್ಸೆಗಳ ಹಕ್ಕಿದೆ ಎನ್ನುತ್ತದೆ. ತಿಳಿಸಿ ಒಪ್ಪಿಗೆ ಪಡೆಯದೆ ರಕ್ತ ಪರೀಕ್ಷೆ ಮಾಡುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಬೈಕುಲ್ಲಾದ ಅಂಗಳದಿಂದ ಇಲ್ಲಿಗೆ ಬರಲು 120 ವರ್ಷ ಬೇಕಾಯಿತು.

ಕೆಲಸ ತಪ್ಪುವುದು ಜೈಲಿನ ಬಾಗಿಲಲ್ಲಿ. ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಗುಳಿಗೆ. ಮೂರನೆಯ ತಿಂಗಳಿಗೆ ಜಾಮೀನು ಸಿಕ್ಕರೆ ಉಳಿದ ಮೂರು ತಿಂಗಳ ಗುಳಿಗೆ ಕೊಡುವವರು ಯಾರು? ಜಾಮೀನು ಆದೇಶ ಸಂಜೆ ಬರುತ್ತದೆ, ಮನೆಯವರು ಗೇಟಿನಲ್ಲಿ ಕಾದಿರುತ್ತಾರೆ, ಬಸ್ಸು ಹಿಡಿಯುವ ಅವಸರ. ಜೈಲಿನ ದವಾಖಾನೆಯ ಕಾರ್ಡು ಕಪಾಟಿನಲ್ಲೇ ಉಳಿಯುತ್ತದೆ. ನಮ್ಮ ರಾಯಬಾಗ ಅಥಣಿ ಕಡೆಯ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ ಎಂದು ಗಡಿ ದಾಟಿ ಸಾಂಗ್ಲಿ ಕೊಲ್ಹಾಪುರಕ್ಕೆ ಹೋಗುವವು. ಒಂದು ರಾಜ್ಯದ ಜೈಲಿನಲ್ಲಿ ಶುರುವಾದ ಗುಳಿಗೆ ಇನ್ನೊಂದು ರಾಜ್ಯದ ಕಬ್ಬಿನ ಗದ್ದೆಯಲ್ಲಿ ನಿಂತುಹೋಗುತ್ತದೆ. ಅರ್ಧಕ್ಕೆ ಬಿಟ್ಟ ಕ್ಷಯ ಔಷಧಕ್ಕೆ ಬಗ್ಗದ ಕ್ಷಯವಾಗಿ ತಿರುಗಿ ಬರಬಹುದು. ಆಗ ಬಲಿಯಾಗುವುದು ಮನೆಯ ಕೂಸು, ಮುದುಕಿ.

ಆದ್ದರಿಂದ ಮುಗಳಖೋಡದ, ಹಾರೂಗೇರಿಯ, ಕುಡಚಿಯ ಓದುಗರಲ್ಲಿ ಒಂದು ಮಾತು. ನಿಮ್ಮ ಓಣಿಗೆ ಹಿಂಡಲಗಾದಿಂದ ಯಾರಾದರೂ ಬಿಡುಗಡೆಯಾಗಿ ಬಂದರೆ, ಅವನು ಮಾಡಿದ್ದೇನು ಎಂಬ ವಿಚಾರಣೆ ಕೋರ್ಟಿಗಿರಲಿ. ಗುಳಿಗೆ ನುಂಗುತ್ತಿದ್ದೆಯಾ ಎಂದು ಕೇಳಿ. ಹೌದೆಂದರೆ ಜೈಲಿನ ದವಾಖಾನೆಯ ಚೀಟಿಯನ್ನೂ ಸರ್ಕಾರದ ಕ್ಷಯರೋಗಿಗಳ ದಾಖಲೆಯಾದ ನಿಕ್ಷಯ್‌ನ ನೋಂದಣಿ ಸಂಖ್ಯೆಯನ್ನೂ ಕೇಳಿ ತರಿಸಿಕೊಳ್ಳಿ, ಆ ವಾರವೇ ಊರಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಚ್‌ಐವಿ ಗುಳಿಗೆಯವನಾದರೆ ಆ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರದ ಪುಸ್ತಕ ಬೇಕು. ಚೀಟಿ ಕಳೆದಿದ್ದರೂ ಅಡ್ಡಿಯಿಲ್ಲ, ಹೆಸರು ಹೇಳಿದರೆ ಹುಡುಕಬಹುದು. ಕ್ಷಯ ಮತ್ತು ಎಚ್‌ಐವಿ ಎರಡರ ಔಷಧವೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಕ್ಷಯದ ಚಿಕಿತ್ಸೆ ನಡೆಯುವಷ್ಟು ತಿಂಗಳೂ ಊಟದ ಖರ್ಚಿಗೆಂದು ಖಾತೆಗೆ ಹಣವೂ ಬರುತ್ತದೆ.